ಒಲವಿಗೆ ಮುಂಚಿನ ಒಲ್ಲೆ

ಕನ್ನಡದಲ್ಲಿ ‘ಒಲವು’, ‘ಒಲ್ಲೆ’ ಎರಡೂ ಒಂದೇ ಧಾತುವಿನಿಂದ ಹುಟ್ಟಿದ ಮಾತುಗಳು. ‘ಒಲ್’ ಎಂದರೆ ಮೆಚ್ಚು, ಬಯಸು. ಅದರ ನಿಷೇಧರೂಪವೇ ‘ಒಲ್ಲೆ’. ಈ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಸ್ತು ದೂರದ್ದು. ಇಂಗ್ಲೆಂಡಿನ ರೀಜೆನ್ಸಿ ಕಾಲದ ಪ್ರಣಯಕಥೆ; ಅದರಲ್ಲೂ ಹಳ್ಳಿಗಾಡಿನ ಒಂದು ದೊಡ್ಡ ಬಂಗಲೆಯಲ್ಲಿ ಕೆಲವು ದಿನ ಜೊತೆಗೆ ತಂಗಬೇಕಾಗಿ ಬಂದ, ಸ್ವಭಾವದಲ್ಲಿ ಎತ್ತು ಏರಿಗೆ ಕೋಣ ನೀರಿಗೆ ಎಂಬಂತಿರುವ ಹೆಣ್ಣುಗಂಡು ಮಾತಿಗೆ ಮಾತು ಬೆಳೆಸಿ, ಕೊನೆಗೆ ಒಬ್ಬರನ್ನೊಬ್ಬರು ಒಲಿಯುವ ಕಥೆ. ಇದನ್ನು ಅರ್ಥಮಾಡಿಕೊಳ್ಳಲು ನಮ್ಮ ಅಲಂಕಾರಶಾಸ್ತ್ರದ ‘ಪ್ರಣಯಕಲಹ’ ಸಾಲುವುದಿಲ್ಲ. ಪ್ರಣಯಕಲಹದಲ್ಲಿ ಪ್ರಣಯ ಮೊದಲೇ ಇರುತ್ತದೆ. ಮುನಿದವಳೂ, ನಲ್ಲನ ದ್ರೋಹಕ್ಕೆ ಕೆರಳಿದ ಖಂಡಿತೆಯೂ ಆಗಲೇ ಒಲಿದವರು. ಅವರ ಕೋಪ ಒಲವಿನ ಮೇಲೆ ಹಾದುಹೋಗುವ ಮೋಡ. ನಾನು ಹೇಳಹೊರಟಿರುವ ಕಥೆಗಳಲ್ಲಿ ಜಗಳವೇ ಮೊದಲು. ಒಲವು ಇನ್ನೂ ಬಂದಿಲ್ಲ, ಬರಬೇಕೋ ಬೇಡವೋ ಎಂಬುದೇ ತೀರ್ಮಾನವಾಗಿಲ್ಲ. ಆ ತೀರ್ಮಾನವಾಗುವುದು ಜಗಳದೊಳಗೇ.

ರೀಜೆನ್ಸಿ ಎಂದರೆ ಕಟ್ಟುನಿಟ್ಟಾಗಿ 1811ರಿಂದ 1820ರವರೆಗಿನ ಒಂಬತ್ತು ವರ್ಷ. ದೊರೆ ಮೂರನೆಯ ಜಾರ್ಜ್ ಬುದ್ಧಿ ಕದಡಿ ಮೂಲೆ ಸೇರಿದ್ದ. ಮಗ ರಾಜಪ್ರತಿನಿಧಿಯಾಗಿ ಆಳುತ್ತಿದ್ದ. ಜೇನ್ ಆಸ್ಟಿನ್ ತನ್ನ ಕಾದಂಬರಿಗಳನ್ನು ಪ್ರಕಟಿಸಿದ್ದು ಈ ಅವಧಿಯಲ್ಲೇ. ‘ಪ್ರೈಡ್ ಅಂಡ್ ಪ್ರೆಜುಡಿಸ್’ 1813ರ ಜನವರಿಯಲ್ಲಿ ಬಂತು. ಅದರ ಹಕ್ಕನ್ನು ಅವಳು ಪ್ರಕಾಶಕರಿಗೆ 110 ಪೌಂಡಿಗೆ ಮಾರಿದ್ದಳು. ಅದಾದ ನೂರಿಪ್ಪತ್ತು ವರ್ಷಗಳ ಮೇಲೆ, 1935ರಲ್ಲಿ, ಜಾರ್ಜೆಟ್ ಹೇಯರ್ ‘ರೀಜೆನ್ಸಿ ಬಕ್’ ಬರೆದು ಆ ಕಾಲವನ್ನೇ ಒಂದು ಜನಪ್ರಿಯ ಕಥಾಪ್ರಕಾರವಾಗಿ ಮಾಡಿದಳು. ಇಂದು ಪರದೆಯ ಮೇಲೆ ಕಾಣುವ ‘ಬ್ರಿಜರ್ಟನ್’ವರೆಗೂ ಅದೇ ದಾರಿ. ಈ ಕಥೆಗಳ ಜಗಳಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಎರಡು: ದ್ವೇಷಕ್ಕೂ ಪ್ರೀತಿಗೂ ನಡುವೆ ಕೂದಲೆಳೆಯ ಅಂತರ ಎಂಬುದು ಒಂದು, ಜಗಳ ಕಥೆಗೆ ಒಗ್ಗರಣೆ, ಅದಿಲ್ಲದಿದ್ದರೆ ಓದುಗರಿಗೆ ರುಚಿಸದು ಎಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಆ ಕಾಲದ ಹೆಣ್ಣಿಗೆ ಉಳಿದಿದ್ದ ಒಂದೇ ಒಂದು ಅಧಿಕಾರ ‘ಒಲ್ಲೆ’ ಎನ್ನುವುದು. ಆ ‘ಒಲ್ಲೆ’ಯನ್ನು ಸಣ್ಣ ಸಣ್ಣ ಕಂತುಗಳಲ್ಲಿ ಹೇಳಿ, ಎದುರಿಗಿರುವ ಗಂಡಸು ಅದನ್ನು ಹೇಗೆ ಸ್ವೀಕರಿಸುತ್ತಾನೆಂದು ನೋಡುವ ಪರೀಕ್ಷೆಯೇ ಈ ಜಗಳ. ದೊಡ್ಡ ಬಂಗಲೆಯ ಅತಿಥಿವಾಸ ಆ ಪರೀಕ್ಷೆಗೆ ಬೇಕಾದ ಕಾಲಾವಕಾಶ ಕೊಡುತ್ತದೆ. ನನ್ನ ವಾದ ಇಷ್ಟು.

ಮೊದಲು ಕಾನೂನನ್ನು ನೋಡೋಣ. ಅಂದಿನ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಕಾನೂನುಬದ್ಧ ಅಸ್ತಿತ್ವ ಗಂಡನದರಲ್ಲಿ ಕರಗಿಹೋಗುತ್ತಿತ್ತು. ಅವಳ ಕೈಯಲ್ಲಿದ್ದ ಹಣ, ಮುಂದೆ ಗಳಿಸುವ ಹಣ ಅವನದು. ಮಕ್ಕಳ ಮೇಲಿನ ಹಕ್ಕೂ ಅವನದೇ. ಸಿರಿವಂತರು ಮದುವೆಗೆ ಮುಂಚೆ ವಕೀಲರನ್ನು ಕೂರಿಸಿ ಹೆಣ್ಣಿನ ಹೆಸರಿಗೆ ಒಂದಿಷ್ಟು ಕಟ್ಟಿಡುತ್ತಿದ್ದರು, ನಿಜ. ಆದರೆ ಹೆಂಡತಿಯ ಆಸ್ತಿಯ ಕಾಯ್ದೆ ಬಂದಿದ್ದು 1870ರಲ್ಲಿ, ಅದು ಪೂರ್ಣರೂಪ ತಾಳಿದ್ದು 1882ರಲ್ಲಿ. 1857ಕ್ಕೆ ಮೊದಲು ಮರುಮದುವೆಗೆ ಅವಕಾಶವಿರುವ ವಿಚ್ಛೇದನ ಬೇಕೆಂದರೆ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿಸಬೇಕಿತ್ತು; ಹೆಂಗಸರಿಗೆ ಅದು ಕೈಗೆಟುಕದ ಮಾತು. ಅಂದರೆ ಚರ್ಚಿನಲ್ಲಿ ‘ಹೂಂ’ ಎಂದ ಮೇಲೆ ‘ಊಹೂಂ’ ಎನ್ನುವ ದಾರಿ ಮುಚ್ಚಿತು. ‘ನಾರ್ತ್ಯಾಂಗರ್ ಅಬೆ’ಯಲ್ಲಿ ಹೆನ್ರಿ ಟಿಲ್ನಿ ಕುಣಿತವನ್ನು ಮದುವೆಗೆ ಹೋಲಿಸುತ್ತ, ಎರಡರಲ್ಲೂ ಆರಿಸುವ ಅನುಕೂಲ ಗಂಡಿಗೆ, ನಿರಾಕರಿಸುವ ಅಧಿಕಾರ ಮಾತ್ರ ಹೆಣ್ಣಿಗೆ ಎನ್ನುತ್ತಾನೆ. ಆ ಮಾತು ಹಗುರಾಗಿ ಬಂದಿದ್ದರೂ ಅದು ಕಾನೂನಿನ ನಿಖರ ಸಾರಾಂಶ. ನಿರಾಕರಣೆಗೂ ಬೆಲೆ ತೆರಬೇಕಿತ್ತು. ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ನಾಯಕಿ ಎಲಿಜಬೆತ್ ಬೆನೆಟ್‌ಗೆ ತಾಯಿ ತೀರಿಕೊಂಡ ಮೇಲೆ ಬರಬೇಕಾದದ್ದು ಶೇಕಡಾ 4ರ ಬಡ್ಡಿಯ 1,000 ಪೌಂಡು. ವರ್ಷಕ್ಕೆ 40 ಪೌಂಡು ಆದಾಯ. ಅವಳು ಬೇಡವೆಂದ ಡಾರ್ಸಿಯ ವರಮಾನ ವರ್ಷಕ್ಕೆ 10,000. ಈ ಎರಡು ಅಂಕಿಗಳನ್ನು ಎದುರುಬದುರು ಇಟ್ಟುಕೊಂಡು ಓದಿದರೆ ಅವಳ ಒಂದೊಂದು ಚುರುಕುಮಾತಿನ ಹಿಂದೆಯೂ ಎಷ್ಟು ಧೈರ್ಯವಿತ್ತೆಂದು ತಿಳಿಯುತ್ತದೆ.

ಇನ್ನು ಸ್ಥಳ. ಹೆಣ್ಣುಗಂಡು ಮಾತಾಡಲು ಆ ಸಮಾಜ ಕೊಟ್ಟಿದ್ದ ಸಂದರ್ಭಗಳು ಬಹಳ ಇಕ್ಕಟ್ಟಾದವು. ಬೆಳಗಿನ ಭೇಟಿ ಎಂದರೆ ಹೆಚ್ಚುಕಮ್ಮಿ ಕಾಲು ಗಂಟೆ. ‘ಎಮ್ಮಾ’ ಕಾದಂಬರಿಯಲ್ಲಿ ಹ್ಯಾರಿಯಟ್ ಹಿಂದೊಮ್ಮೆ ಆರು ವಾರ ಸುಖವಾಗಿ ಕಳೆದುಬಂದ ರೈತಕುಟುಂಬಕ್ಕೆ ಈಗ ಹದಿನಾಲ್ಕೇ ನಿಮಿಷದ ಭೇಟಿ ಕೊಡುತ್ತಾಳೆ; ಆ ಹದಿನಾಲ್ಕು ನಿಮಿಷವೇ ಸಂಬಂಧ ಮುರಿದಿದೆ ಎಂದು ಸಾರುತ್ತದೆ. ಕುಣಿತದ ಸಭೆಯಲ್ಲಿ ಒಬ್ಬನೊಂದಿಗೆ ಎರಡು ಕುಣಿತ, ಅದೂ ಸಾಲಿನಲ್ಲಿ ನಿಂತು, ನೂರು ಕಣ್ಣುಗಳ ಮುಂದೆ. ಅತಿಥಿಯಾಗಿ ಹೋಗಿ ತಂಗಿದಾಗ ಮಾತ್ರ ಒಬ್ಬ ಮನುಷ್ಯನನ್ನು ಬೆಳಗಿನ ಉಪಾಹಾರದಲ್ಲಿ, ಮಳೆ ಹಿಡಿದ ಮಧ್ಯಾಹ್ನದಲ್ಲಿ, ಇಸ್ಪೀಟು ಮೇಜಿನಲ್ಲಿ, ಅವನು ತಂಗಿಗೆ ಕಾಗದ ಬರೆಯುವಾಗ ನೋಡಲು ಸಾಧ್ಯ. ಲಂಡನ್ನಿನ ಕೂಟಗಳ ಸೀಸನ್ ಮುಗಿದು ಬೇಟೆಯ ಕಾಲ ಶುರುವಾದರೆ ಸಿರಿವಂತರೆಲ್ಲ ಹಳ್ಳಿಗಾಡು ಸೇರುತ್ತಿದ್ದರು. ರಸ್ತೆಗಳು ನಿಧಾನವಾದ್ದರಿಂದ ಬಂದವರು ವಾರಗಟ್ಟಲೆ ಠಿಕಾಣಿ ಹೂಡುತ್ತಿದ್ದರು. ಶನಿವಾರ ಬಂದು ಸೋಮವಾರ ಹೊರಡುವ ಅತಿಥಿಕೂಟ ರೈಲು ಬಂದ ನಂತರದ್ದು. ಇಂದಿನ ಕಥೆಗಾರರು ಅದನ್ನು ರೀಜೆನ್ಸಿಗೆ ಹಿಂದೂಡುವುದುಂಟು. ಆಸ್ಟಿನ್‌ಗೆ ಈ ತಂಗುವಿಕೆಯ ಬಿಸಿ ಸ್ವತಃ ತಟ್ಟಿತ್ತು. 1802ರ ಡಿಸೆಂಬರ್ 2ರಂದು, ಹ್ಯಾಂಪ್‌ಶೈರಿನ ಮ್ಯಾನಿಡೌನ್ ಎಂಬ ದೊಡ್ಡ ಮನೆಯಲ್ಲಿ ಗೆಳತಿಯರ ಅತಿಥಿಯಾಗಿದ್ದಾಗ, ಆ ಆಸ್ತಿಯ ವಾರಸುದಾರ ಹ್ಯಾರಿಸ್ ಬಿಗ್-ವಿದರ್ ಮದುವೆಯ ಮಾತೆತ್ತಿದ. ಅವಳು ಸಂಜೆ ಒಪ್ಪಿದಳು. ಬೆಳಗಾಗುವುದರೊಳಗೆ ಮನಸ್ಸು ತಿರುಗಿ, ಒಲ್ಲೆನೆಂದು ಹೇಳಿ, ಅಕ್ಕನ ಜೊತೆ ಗಾಡಿಯೇರಿ ಹೊರಟುಬಿಟ್ಟಳು. ತಪ್ಪಾಗಿ ಆಡಿದ ಒಂದು ‘ಹೂಂ’ ಮತ್ತು ಅದನ್ನು ಹಿಂದಕ್ಕೆ ಪಡೆಯಲು ಸಿಕ್ಕ ಒಂದೇ ಒಂದು ರಾತ್ರಿ. ಇಪ್ಪತ್ತೇಳು ತುಂಬುವ ಹೊಸ್ತಿಲಲ್ಲಿದ್ದ ಆ ಲೇಖಕಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿರಲಿಲ್ಲ.

ಈಗ ಎಲಿಜಬೆತ್ ಕಥೆಯ ನೆದರ್‌ಫೀಲ್ಡ್ ಬಂಗಲೆಗೆ ಬರೋಣ. ಅಕ್ಕ ಜೇನ್ ಅಲ್ಲಿ ಜ್ವರ ಹಿಡಿದು ಮಲಗಿದ್ದಾಳೆಂದು ಕೇಳಿ ಎಲಿಜಬೆತ್ ಮೂರು ಮೈಲಿ ನಡೆದೇ ಹೋಗುತ್ತಾಳೆ. ಒಳಲಂಗದ ಅಂಚಿಗೆ ಆರಂಗುಲ ಕೆಸರು. ಮನೆಯ ಹೆಂಗಸರು ಆ ಕೆಸರನ್ನು ಅಳೆಯುತ್ತಾರೆ. ಡಾರ್ಸಿ ನಡೆದುಬಂದ ಅವಳ ಕಣ್ಣಿನ ಹೊಳಪನ್ನು ಗಮನಿಸುತ್ತಾನೆ. ಅವಳು ಅಲ್ಲಿರುವುದು ಬುಧವಾರದಿಂದ ಭಾನುವಾರದವರೆಗೆ, ಐದು ದಿನ. ಆ ಐದು ದಿನದಲ್ಲಿ ಆಸ್ಟಿನ್ ಏನು ಮಾಡುತ್ತಾಳೆ ನೋಡಿ. ಡಾರ್ಸಿ ಮುಂದಿಡುವ ಒಂದೊಂದು ಮಾತಿಗೂ ಎಲಿಜಬೆತ್ ಅಡ್ಡ ಬರುತ್ತಾಳೆ. ನಿಜವಾಗಿ ವಿದ್ಯಾವಂತೆಯರೆನಿಸುವ ಹೆಂಗಸರು ತನಗೆ ಗೊತ್ತಿರುವವರಲ್ಲಿ ಆರಕ್ಕಿಂತ ಹೆಚ್ಚು ಮಂದಿ ಇಲ್ಲವೆಂದು ಅವನು ಪಟ್ಟಿ ಒಪ್ಪಿಸಿದರೆ, ಆ ಪಟ್ಟಿಯನ್ನೆಲ್ಲ ತುಂಬಬಲ್ಲ ಒಬ್ಬಳಾದರೂ ನಿಮಗೆ ಸಿಕ್ಕಿದ್ದೇ ಆಶ್ಚರ್ಯವೆಂದು ಅವಳ ಉತ್ತರ. ಗೆಳೆಯನ ಮಾತಿಗೆ ಮಣಿಯುವುದು ಗುಣವೋ ದೌರ್ಬಲ್ಯವೋ ಎಂಬ ಚರ್ಚೆ ಒಂದು ಸಂಜೆಯನ್ನೇ ನುಂಗುತ್ತದೆ. ಒಂದು ಗಳಿಗೆ ಮುಖ್ಯವಾದದ್ದು: ಪಿಯಾನೋ ನುಡಿಯುತ್ತಿದ್ದಾಗ ಡಾರ್ಸಿ ಹತ್ತಿರ ಬಂದು ಕುಣಿಯಲು ಮನಸ್ಸಾಗುತ್ತಿಲ್ಲವೇ ಎಂದು ಕೇಳುತ್ತಾನೆ. ಅವಳು ಸುಮ್ಮನಿರುತ್ತಾಳೆ. ಮತ್ತೆ ಕೇಳಿದಾಗ, ನಾನು ಹೂಂ ಎಂದರೆ ನನ್ನ ಅಭಿರುಚಿಯನ್ನು ಹೀಗಳೆಯಬಹುದೆಂದು ಕಾದಿದ್ದೀರಿ, ಆದ್ದರಿಂದ ಕುಣಿಯುವುದಿಲ್ಲ, ಈಗ ಧೈರ್ಯವಿದ್ದರೆ ಹೀಗಳೆಯಿರಿ ಎಂಬ ಅರ್ಥದಲ್ಲಿ ಸವಾಲು ಹಾಕುತ್ತಾಳೆ. ಅವನು ಆ ಧೈರ್ಯ ತನಗಿಲ್ಲವೆಂದು ನಯವಾಗಿ ಒಪ್ಪಿಕೊಳ್ಳುತ್ತಾನೆ. ಇದಕ್ಕೆ ಮುಂಚೆ ನೆರೆಯವರ ಮನೆ ಲ್ಯೂಕಸ್ ಲಾಡ್ಜಿನಲ್ಲೂ ಅವಳು ಅವನೊಂದಿಗೆ ಕುಣಿಯಲು ಒಪ್ಪಿರಲಿಲ್ಲ. ಅದರಿಂದ ಅವನ ದೃಷ್ಟಿಯಲ್ಲಿ ಅವಳು ಇಳಿಯಲಿಲ್ಲವೆಂದು ಆಸ್ಟಿನ್ ಆಗಲೇ ಗುರುತು ಹಾಕಿಟ್ಟಿದ್ದಳು. ಎರಡು ಸಣ್ಣ ‘ಒಲ್ಲೆ’. ಎರಡು ಸಲವೂ ಗಂಡಸು ಮುನಿಯಲಿಲ್ಲ, ಒತ್ತಾಯ ಮಾಡಲಿಲ್ಲ, ನಾಲ್ಕು ಜನರ ಮುಂದೆ ಅವಳನ್ನು ಹಣಿಯಲಿಲ್ಲ. ಶನಿವಾರ ಅವರಿಬ್ಬರೇ ಅರ್ಧ ಗಂಟೆ ಒಂದು ಕೋಣೆಯಲ್ಲಿ ಉಳಿದಾಗ ಡಾರ್ಸಿ ಪುಸ್ತಕದಿಂದ ತಲೆಯೆತ್ತುವುದಿಲ್ಲ. ಮನಸ್ಸು ಅವಳ ಕಡೆ ವಾಲಿದ್ದರೂ ಅವಳಲ್ಲಿ ಆಸೆ ಹುಟ್ಟಿಸಬಾರದೆಂದು ಅವನೇ ಹಾಕಿಕೊಂಡ ಕಟ್ಟು ಅದು. ಅದರಲ್ಲಿ ಅಂತಸ್ತಿನ ಗರ್ವವೂ ಇದೆ. ಏಕಾಂತವನ್ನು ದುರುಪಯೋಗ ಮಾಡಿಕೊಳ್ಳದ ಸಂಯಮವೂ ಇದೆ.

ಇದೇ ಕಥೆಯಲ್ಲಿ ‘ಒಲ್ಲೆ’ ಎಂಬುದು ಕಿವಿಗೇ ಬೀಳದ ಗಂಡಸೂ ಇದ್ದಾನೆ. ಪಾದ್ರಿ ಕಾಲಿನ್ಸ್ ಎಲಿಜಬೆತ್‌ಳನ್ನು ಮದುವೆಯಾಗೆಂದು ಕೇಳಿದಾಗ ಅವಳು ಬೇಡವೆನ್ನುತ್ತಾಳೆ. ಮನೆತನಸ್ಥ ಹೆಣ್ಣುಮಕ್ಕಳು ಮೊದಲ ಸಲ, ಎರಡನೆಯ ಸಲ, ಮೂರನೆಯ ಸಲವೂ ಬೇಡವೆಂದು ಆಮೇಲೆ ಒಪ್ಪುವುದು ವಾಡಿಕೆ ಎಂದು ಅವನು ಸಮಾಧಾನದಿಂದ ನಗುತ್ತಾನೆ. ಅವಳು ಎಷ್ಟು ಸ್ಪಷ್ಟವಾಗಿ ಹೇಳಿದರೂ ಅವನಿಗೆ ಅದು ಒಪ್ಪಿಗೆಯ ಇನ್ನೊಂದು ರೂಪ. ಕಾಲಿನ್ಸ್ ಎಂದೂ ಜಗಳವಾಡುವವನಲ್ಲ. ಅವನಷ್ಟು ವಿನಯ ತೋರುವವರು ಆ ಕಾದಂಬರಿಯಲ್ಲಿ ಮತ್ತೊಬ್ಬರಿಲ್ಲ. ಎದುರಾಡುವ ಡಾರ್ಸಿಗೆ ಕೇಳಿಸುವ ಮಾತು ಬಾಗಿ ನಿಲ್ಲುವ ಕಾಲಿನ್ಸ್‌ಗೆ ಕೇಳಿಸುವುದಿಲ್ಲ. ಮುಂದೆ ಕಾಲಿನ್ಸ್‌ನ ಊರು ಹನ್ಸ್‌ಫರ್ಡಿನಲ್ಲಿ ಡಾರ್ಸಿ ಕೇಳಿದ್ದೂ ಸೊಕ್ಕಿನಿಂದಲೇ, ಒಪ್ಪುವಳೆಂಬ ಖಾತರಿಯಿಂದಲೇ. ಆದರೆ ಅವಳು ಒಲ್ಲೆನೆಂದಾಗ ಕೋಣೆ ಬಿಟ್ಟು ಹೋಗುತ್ತಾನೆ. ಮರುದಿನ ಕೊಡುವ ಪತ್ರದ ಆರಂಭದಲ್ಲೇ ಮದುವೆಯ ಮಾತನ್ನು ಮತ್ತೆ ಎತ್ತುವುದಿಲ್ಲವೆಂದು ಭರವಸೆ ಕೊಟ್ಟು, ತನ್ನ ಮೇಲಿನ ಆರೋಪಗಳಿಗೆ ಮಾತ್ರ ಉತ್ತರ ಬರೆಯುತ್ತಾನೆ. ಮುಂದೆ ತನ್ನ ಬಂಗಲೆ ಪೆಂಬರ್ಲಿಯಲ್ಲಿ ಅವಳ ವ್ಯಾಪಾರಿ ಸೋದರಮಾವನನ್ನು ತೊರೆಯಲ್ಲಿ ಮೀನು ಹಿಡಿಯಲು ಕರೆಯುವ ಹೊತ್ತಿಗೆ ಅವಳ ಬೈಗಳು ಅವನ ನಡತೆಯಾಗಿ ಮಾರ್ಪಟ್ಟಿರುತ್ತವೆ. ಎರಡನೆಯ ಸಲ ಕೇಳುವಾಗಲೂ, ಮನಸ್ಸು ಬದಲಾಗಿಲ್ಲವಾದರೆ ಒಂದು ಮಾತು ಹೇಳಿದರೆ ಸಾಕು, ಇನ್ನೆಂದೂ ಎತ್ತೆನೆಂದು ಮೊದಲೇ ಹೇಳಿ ಕೇಳುತ್ತಾನೆ. ದ್ವೇಷ ಪ್ರೀತಿಯಾಗಿ ಮಗುಚಿಕೊಂಡಿತು ಎಂಬ ವಿವರಣೆಯಲ್ಲಿ ಈ ಹಂತಗಳು ಯಾವುವೂ ಕಾಣುವುದಿಲ್ಲ.

ಇಲ್ಲಿ ಗಂಭೀರವಾದ ಆಕ್ಷೇಪವೊಂದಿದೆ. ಜಗಳವನ್ನು ಒಲವಿನ ಮುನ್ನುಡಿಯಾಗಿ ತೋರಿಸುವ ಕಥೆಗಳು ಒರಟುತನವನ್ನು ಆಕರ್ಷಕವಾಗಿಸುತ್ತವೆ, ಹೆಣ್ಣು ಬೇಡವೆಂದರೆ ಬೇಕೆಂದೇ ಅರ್ಥ ಎಂಬ ಅಪಾಯಕಾರಿ ನಂಬಿಕೆಗೆ ನೀರೆರೆಯುತ್ತವೆ ಎಂದು ಹಲವರು ಹೇಳುತ್ತಾರೆ. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಇಂಥ ಕಥೆಗಳು ಬೇಕಾದಷ್ಟಿವೆ, ಹೆಸರಾಂತವೂ ಇವೆ. ‘ರೀಜೆನ್ಸಿ ಬಕ್’ನಲ್ಲೇ ನಾಯಕ ವರ್ತ್, ಗುರುತುಪರಿಚಯವಿಲ್ಲದ ಜುಡಿತ್‌ಳನ್ನು ರಸ್ತೆಯಲ್ಲಿ ಬಲವಂತವಾಗಿ ತನ್ನ ಗಾಡಿಗೆ ಹತ್ತಿಸಿ ಮುತ್ತಿಡುತ್ತಾನೆ, ಅವಳ ಪ್ರತಿಭಟನೆ ಅವನಿಗೆ ಲೆಕ್ಕಕ್ಕೇ ಇಲ್ಲ. ಮುಂದೆ ಅವರಾಡುವ ಮಾತು ಎಷ್ಟೇ ಚುರುಕಾಗಿದ್ದರೂ ಆ ಮೊದಲ ಪರೀಕ್ಷೆಯಲ್ಲಿ ಅವನು ಸೋತಿದ್ದಾನೆ, ಕಾದಂಬರಿ ಅದನ್ನು ಸೋಲೆಂದು ಕಾಣುವುದಿಲ್ಲ. ಹಾಗಾಗಿ ಆ ಜಗಳ ನನಗೆ ಪೊಳ್ಳಾಗಿ ಕಾಣುತ್ತದೆ. ಅದೇ ಹೇಯರ್ 1957ರ ‘ಸಿಲ್ವೆಸ್ಟರ್’ ಬರೆಯುವಾಗ ಬಹುದೂರ ಬಂದಿದ್ದಾಳೆ. ತನ್ನನ್ನು ಮದುವೆಗೆ ಅಳೆದು ನೋಡಲು ಡ್ಯೂಕನೊಬ್ಬ ಮನೆಗೆ ಅತಿಥಿಯಾಗಿ ಬಂದಾಗ ನಾಯಕಿ ಫೀಬಿ ಮನೆ ಬಿಟ್ಟು ಓಡುತ್ತಾಳೆ. ಅವಳು ಗುಟ್ಟಾಗಿ ಬರೆದ ಕಾದಂಬರಿಯ ಖಳನಾಯಕನಿಗೆ ಅವನದೇ ಹುಬ್ಬು. ಆ ಪುಸ್ತಕದಲ್ಲಿ ತನ್ನ ಸೊಕ್ಕನ್ನು ತಾನು ನೋಡಿಕೊಳ್ಳುವುದೇ ಅವನ ಪರೀಕ್ಷೆ. ಆಕ್ಷೇಪ ಎತ್ತುವವರಿಗೆ ನನ್ನ ಉತ್ತರ ಹೀಗೆ: ಜಗಳವಿದೆಯೇ ಎಂದು ನೋಡಿದರೆ ಸಾಲದು, ಜಗಳವಾದ ಮೇಲೆ ಯಾರ ನಡತೆ ಬದಲಾಯಿತು ಎಂದು ಕೇಳಿ. ಆ ಪ್ರಶ್ನೆಯೊಂದೇ ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸುತ್ತದೆ.

ಎರಡನೆಯ ಆಕ್ಷೇಪ ಆಸ್ಟಿನ್‌ಳ ಬರವಣಿಗೆಯಿಂದಲೇ ಬರುತ್ತದೆ. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನಲ್ಲಿ ಮಾತಿನ ಮಲ್ಲರು ಕ್ರಾಫರ್ಡ್ ಅಣ್ಣತಂಗಿ, ಕಥೆಯ ಒಲವು ಮಾತ್ರ ಮಾತೇ ಹೊರಡದ ಫ್ಯಾನಿಯ ಕಡೆಗೆ. ಹಾಗಾದರೆ ಆಸ್ಟಿನ್ ಮರುವರ್ಷವೇ, 1814ಕ್ಕೆ, ಚುರುಕುಮಾತಿನ ಮೇಲಿನ ನಂಬಿಕೆ ಕಳೆದುಕೊಂಡಳೇ? ನಾನು ಆ ಕಾದಂಬರಿಯನ್ನು ನನ್ನ ವಾದದ ಅತಿ ಗಟ್ಟಿ ಪುರಾವೆಯೆಂದೇ ಓದುತ್ತೇನೆ. ಮನೆಗೆ ಬಂದ ಅತಿಥಿಗಳೆಲ್ಲ ಸೇರಿ ನಾಟಕವಾಡಲು ಹೊರಟು ಸಣ್ಣ ಪಾತ್ರವೊಂದನ್ನು ಫ್ಯಾನಿಗೆ ಅಂಟಿಸಲು ನೋಡಿದಾಗ ಅವಳು ತನ್ನಿಂದಾಗದೆಂದು ನಡುಗುತ್ತಾಳೆ. ದೊಡ್ಡಮ್ಮ ನಾರಿಸ್, ಅವಳು ಯಾರ ಹಂಗಿನಲ್ಲಿ ಬೆಳೆಯುತ್ತಿದ್ದಾಳೆಂದು ಎಲ್ಲರೆದುರು ನೆನಪಿಸಿ ಹಂಗಿಸುತ್ತಾಳೆ. ಇಷ್ಟು ಸಣ್ಣ ‘ಒಲ್ಲೆ’ಗೇ ಜಾಗವಿಲ್ಲದ ಮನೆ ಅದು. ಮುಂದೆ ಹೆನ್ರಿ ಕ್ರಾಫರ್ಡ್ ಮದುವೆಯ ಮಾತೆತ್ತಿದಾಗ ಅವಳು ಮತ್ತೆ ಮತ್ತೆ ಬೇಡವೆನ್ನುತ್ತಾಳೆ. ಅವನಿಗೆ ಅದು ಗೆಲ್ಲಬೇಕಾದ ಆಟ. ದೊಡ್ಡಪ್ಪ ಸರ್ ಥಾಮಸ್, ಸಿರಿಯ ಬೆಲೆ ತಿಳಿಯಲೆಂದು ಅವಳನ್ನು ಪೋರ್ಟ್ಸ್‌ಮತ್‌ನ ಬಡ ತವರಿಗೆ ಕಳಿಸುತ್ತಾನೆ. ಕ್ರಾಫರ್ಡ್‌ನ ಮಾತಿನ ಬೆಡಗು ಒಮ್ಮುಖವಾದದ್ದು. ತಿರುಗಿ ಬಂದ ಮಾತು ಅವನೊಳಗೆ ಇಳಿಯುವುದಿಲ್ಲ. ಬಾಯಿ ಜೋರಿಲ್ಲದ ಹುಡುಗಿಯ ಕೈಯಲ್ಲೂ ಆಸ್ಟಿನ್ ಅದೇ ಪರೀಕ್ಷೆಯನ್ನು ಮಾಡಿಸಿದ್ದಾಳೆ.

ಈ ಬಗೆಯ ಕಥೆ ರೀಜೆನ್ಸಿಗಿಂತ ಹಳೆಯದು, ಅದನ್ನು ಆ ಕಾಲದ ಕಾನೂನಿಗೆ ಕಟ್ಟಿಹಾಕುವುದು ಸರಿಯೇ ಎಂದೂ ಕೇಳಬಹುದು. ಹಳೆಯದು ಹೌದು; ಆದರೆ ಆ ಕಾನೂನೂ ಮಧ್ಯಯುಗದಿಂದ ಬಂದದ್ದೇ. 1600ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ‘ಮಚ್ ಅಡೂ ಅಬೌಟ್ ನಥಿಂಗ್’ ನಾಟಕದಲ್ಲೂ ಯುದ್ಧ ಮುಗಿಸಿದ ಸೈನಿಕರು ಮೆಸಿನಾದ ಲಿಯೊನಾಟೋನ ಮನೆಯಲ್ಲಿ ಕಡಿಮೆಯೆಂದರೆ ಒಂದು ತಿಂಗಳು ತಂಗಲು ಬರುತ್ತಾರೆ. ಬಿಯಾಟ್ರಿಸ್ ಮತ್ತು ಬೆನೆಡಿಕ್ ಮಾತಿನಲ್ಲೇ ಕತ್ತಿ ಮಸೆಯುತ್ತಾರೆ. ಅವಳ ಸೋದರಸಂಬಂಧಿ ಹೀರೋಳ ಮೇಲೆ ಮದುವೆಯ ಮಂಟಪದಲ್ಲೇ ಕಳಂಕ ಬಂದಾಗ, ವರ ಕ್ಲಾಡಿಯೋ ಕಿಟಕಿಯಲ್ಲಿ ಕತ್ತಲಲ್ಲಿ ಕಂಡದ್ದನ್ನು ನಂಬುತ್ತಾನೆ, ಹೆತ್ತ ತಂದೆಯೂ ನಂಬುತ್ತಾನೆ. ಬೆನೆಡಿಕ್ ಮಾತ್ರ ಬಿಯಾಟ್ರಿಸ್‌ಳನ್ನು, ನಿನ್ನ ಆತ್ಮಸಾಕ್ಷಿಗೆ ಹಾಗನ್ನಿಸುತ್ತದೆಯೇ ಎಂದೊಮ್ಮೆ ಕೇಳಿ, ಅವಳ ಮಾತಿನ ಮೇಲೆ ತನ್ನ ಗೆಳೆಯನನ್ನೇ ದ್ವಂದ್ವಕ್ಕೆ ಕರೆಯುತ್ತಾನೆ. ಕ್ಲಾಡಿಯೋ ಮತ್ತು ಹೀರೋ ಒಂದು ದಿನವೂ ಜಗಳವಾಡಿದವರಲ್ಲ. ಸರಿಯಾಗಿ ನಾಲ್ಕು ಮಾತಾಡಿದವರೂ ಅಲ್ಲ. ವರ್ಷಗಟ್ಟಲೆ ಎದುರಾಡಿದವನಿಗೇ ಅವಳ ಮಾತಿನ ತೂಕ ತಿಳಿದಿತ್ತು.

ಮೂರನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡುವುದು. ಈ ಜಗಳಕ್ಕೆ ಬೇಕಾದ ಬಿಡುವು ಯಾರ ದುಡಿಮೆಯಿಂದ ಬಂತು? ನೆದರ್‌ಫೀಲ್ಡಿನ ಕುಣಿತಕ್ಕೆ ಮುಂಚೆ ನಾಲ್ಕು ದಿನ ಬಿಡದೆ ಮಳೆ ಸುರಿದಾಗ ಬೆನೆಟ್ ಹುಡುಗಿಯರು ಬೂಟಿಗೆ ಕಟ್ಟುವ ಹೂಪಟ್ಟಿಗಳನ್ನೂ ಬೇರೆಯವರ ಕೈಯಿಂದ ತರಿಸಿಕೊಳ್ಳುತ್ತಾರೆ. ಆ ಮಳೆಯಲ್ಲಿ ನೆನೆಯುತ್ತ ಹೋದವರಿಗೆ ಕಾದಂಬರಿಯಲ್ಲಿ ಹೆಸರಿಲ್ಲ. ಮ್ಯಾನ್ಸ್‌ಫೀಲ್ಡಿನ ಸಿರಿಗೆ ಆಂಟಿಗುವಾದ ತೋಟಗಳ ನಂಟಿದೆ. ಗುಲಾಮರ ವ್ಯಾಪಾರದ ಬಗ್ಗೆ ಫ್ಯಾನಿ ಕೇಳಿದ ಪ್ರಶ್ನೆಗೆ ಆ ಕೋಣೆಯಲ್ಲಿ ಉತ್ತರ ಬರುವುದಿಲ್ಲ. ನಮ್ಮ ನೆಲದ ನಂಟೂ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ 1815ರಲ್ಲಿ ವಾಟರ್‌ಲೂ ಗೆದ್ದು ರೀಜೆನ್ಸಿಯ ವೀರನಾದ ವೆಲ್ಲಿಂಗ್ಟನ್. ಹೇಯರಳ ‘ಆನ್ ಇನ್‌ಫೇಮಸ್ ಆರ್ಮಿ’ಯಲ್ಲಿ ಅವನೊಂದು ಪಾತ್ರ. ಟಿಪ್ಪುವಿನ ಹೂಬಳ್ಳಿ ಚಿತ್ತಾರದ ಹತ್ತಿಬಟ್ಟೆಯ ಡೇರೆ ಇಂದಿಗೂ ವೇಲ್ಸಿನ ಪೋವಿಸ್ ಕೋಟೆಮನೆಯಲ್ಲಿದೆ. 2022ರಲ್ಲಿ ‘ಬ್ರಿಜರ್ಟನ್’ನ ಎರಡನೆಯ ಸರಣಿ ಜೂಲಿಯಾ ಕ್ವಿನ್‌ಳ ಕಾದಂಬರಿಯ ಕೇಟ್ ಶೆಫೀಲ್ಡ್‌ಳನ್ನು ಭಾರತದಿಂದ ಬಂದ ಕೇಟ್ ಶರ್ಮಾ ಆಗಿಸಿ, ಆಬ್ರಿ ಹಾಲ್ ಬಂಗಲೆಯ ಹುಲ್ಲುಹಾಸಿನಲ್ಲಿ ಪಾಲ್‌ಮಾಲ್ ಚೆಂಡಾಟ ಆಡುತ್ತ ನಾಯಕ ಆಂಟನಿಯೊಂದಿಗೆ ಜಗಳಕ್ಕೆ ನಿಲ್ಲಿಸಿತು. ನಮ್ಮ ಹುಡುಗಿಯರು ಅವಳನ್ನು ಕಂಡು ಹಿಗ್ಗಿದ್ದು ನ್ಯಾಯವೇ. ಆದರೆ ಭಾರತ ಆ ಮನೆಗಳೊಳಗೆ ಅತಿಥಿಯಾಗಿ ಕಾಲಿಡುವ ಎಷ್ಟೋ ಮೊದಲು ಮಸ್ಲಿನ್ ಆಗಿ, ಲೂಟಿಯ ಪಾಲಾಗಿ ಒಳಗೇ ಇತ್ತು. ಈ ಆಕ್ಷೇಪಕ್ಕೆ ನನ್ನಲ್ಲಿ ಸಮಾಧಾನವಿಲ್ಲ, ಒಪ್ಪಿಗೆಯಿದೆ. ಆ ಮನೆಗಳಲ್ಲಿ ‘ಒಲ್ಲೆ’ ಎನ್ನುವ ಹಕ್ಕು ಕೆಲವರಿಗೆ ಮಾತ್ರ ಇತ್ತು. ಆ ಕೆಲವರಲ್ಲೂ ಎಲ್ಲ ಹೆಂಗಸರಿಗೆ ಇರಲಿಲ್ಲ.

ಷಾರ್ಲಟ್ ಲ್ಯೂಕಸ್‌ಗೆ ಇರಲಿಲ್ಲ. ಎಲಿಜಬೆತ್‌ಳ ಈ ಗೆಳತಿಗೆ ಇಪ್ಪತ್ತೇಳು ವರ್ಷ, ರೂಪವಿಲ್ಲ, ವರದಕ್ಷಿಣೆಗೆ ಹಣವಿಲ್ಲ. ಎಲಿಜಬೆತ್ ಬೇಡವೆಂದ ಕಾಲಿನ್ಸ್‌ನನ್ನು ಮೂರು ದಿನದೊಳಗೆ ಅವಳು ಒಪ್ಪಿಕೊಳ್ಳುತ್ತಾಳೆ. ಅವನೊಂದಿಗೆ ಒಂದು ಮಾತಿಗೂ ಅಡ್ಡ ಬರುವುದಿಲ್ಲ. ಪರೀಕ್ಷೆ ಮಾಡಿ ನೋಡುವಷ್ಟು ಉಳಿತಾಯ ಅವಳ ಬದುಕಿನಲ್ಲಿರಲಿಲ್ಲ. ಮದುವೆಯಾದ ಮೇಲೆ ಎಲಿಜಬೆತ್ ಹನ್ಸ್‌ಫರ್ಡಿಗೆ ಅತಿಥಿಯಾಗಿ ಬಂದು ಆರು ವಾರ ತಂಗುತ್ತಾಳೆ. ಊಟದ ಕೋಣೆ ದೊಡ್ಡದು, ಬೆಳಕು ಚೆನ್ನಾಗಿದೆ. ಆದರೂ ಷಾರ್ಲಟ್ ಹಗಲೆಲ್ಲ ಕೂರುವುದು ಹಿಂಬದಿಯ ಸಣ್ಣ ಕೋಣೆಯಲ್ಲಿ. ಎಲಿಜಬೆತ್‌ಗೆ ಮೊದಲು ವಿಚಿತ್ರವೆನಿಸುತ್ತದೆ, ಆಮೇಲೆ ಕಾರಣ ಹೊಳೆಯುತ್ತದೆ. ರಸ್ತೆ ಕಾಣುವ ಕೋಣೆ ಕಾಲಿನ್ಸ್‌ಗೆ ಇಷ್ಟ. ಹೆಂಡತಿಯೂ ಅಷ್ಟೇ ಅಂದದ ಕೋಣೆಯಲ್ಲಿ ಕೂತರೆ ಅವನು ಅಲ್ಲೇ ಹೆಚ್ಚು ಹೊತ್ತು ಕಳೆದಾನು. ತೋಟದ ಕೆಲಸ ಮೈಗೆ ಒಳ್ಳೆಯದೆಂದು ಅವಳು ಗಂಡನನ್ನು ಹುರಿದುಂಬಿಸಿ ದಿನವೂ ಹೊರಗೆ ಕಳಿಸುತ್ತಾಳೆ. ಮದುವೆಗೆ ಮುಂಚೆ ಆಡಲಾಗದೇ ಹೋದ ‘ಒಲ್ಲೆ’ಯನ್ನು ಅವಳು ಕೋಣೆಗಳ ಹಂಚಿಕೆಯಲ್ಲಿ, ತೋಟದ ಪಾತಿಗಳಲ್ಲಿ, ಯಾರಿಗೂ ಕೇಳಿಸದ ಹಾಗೆ ದಿನಕ್ಕಿಷ್ಟು ಹೇಳಿಕೊಳ್ಳುತ್ತಿದ್ದಾಳೆ. ಎಲಿಜಬೆತ್ ಆ ಹಿಂಬದಿಯ ಕೋಣೆಯಲ್ಲಿ ಗೆಳತಿಯ ಪಕ್ಕ ಕೂತು ಹೊಲಿಗೆ ಹಿಡಿಯುತ್ತಾಳೆ. ಹೊರಗಿನಿಂದ ಕಾಲಿನ್ಸ್‌ನ ಗುದ್ದಲಿಯ ಸದ್ದು.